ಎಂಟನೆಯ ಗಿಡ

ಏಳು ಗಿಡ ನೆಟ್ಟಗೆ ನಿಂತು ಎಂಟನೆಯದೊಂದೇ ತಲೆ ಜೋಲುಹಾಕಿದರೆ ಅದಕ್ಕೊಂದು ಕಾರಣ ಇರಲೇಬೇಕು. ಮೂರು ವಾರದಿಂದ ಉಮಾಮಹೇಶ್ವರಿ ಆ ಕಾರಣ ಹುಡುಕುತ್ತಿದ್ದಳು. ಬುಡ ಕೆದಕಿ ನೋಡಿದ್ದಳು, ಕಲ್ಲಿರಲಿಲ್ಲ. ಎಲೆ ತಿರುವಿ ನೋಡಿದ್ದಳು, ಹುಳ ಇರಲಿಲ್ಲ. ಒಂದೇ ಪೊಟ್ಟಣದ ಬೀಜ, ಒಂದೇ ಮಡಿಯ ಸಸಿ, ಒಂದೇ ಸಾಲು. ಎಂಟು ದಿನಕ್ಕೊಮ್ಮೆ ಅವಳೇ ಕೈಯಾರೆ ಗಿಡಕ್ಕೊಂದರಂತೆ ಸುರಿಯುವ ಕೊಡ ನೀರು. ಏಳಕ್ಕೆ ಸಾಕಾಗುವ ನೀರು ಎಂಟನೆಯದಕ್ಕೆ ಯಾಕೆ ಸಾಲುವುದಿಲ್ಲ ಎಂದು ಯೋಚಿಸಿ ಯೋಚಿಸಿ ಅವಳ ತಲೆ ಕೆಟ್ಟಿತ್ತು.

ಅವಳು ಹರಿಹರದವಳು. ಅಪ್ಪ ತೋಟಪ್ಪನಿಗೆ ಹೊಳೆದಂಡೆಯಲ್ಲಿ ತರಕಾರಿ ತೋಟ. ಬದನೆ ಬಾಡಿತು ಅಂದರೆ ಎದ್ದು ಹೋಗಿ ಕಾಲುವೆಯ ಮಡೆ ತಿರುಗಿಸಿದರಾಯಿತು, ತುಂಗಭದ್ರೆ ಇಲ್ಲ ಅನ್ನುತ್ತಿರಲಿಲ್ಲ. ಹದಡಿಗೆ ಸೊಸೆಯಾಗಿ ಬಂದ ಮೇಲೆ ನೀರು ಎಂದರೆ ಹಿತ್ತಲ ಬಾವಿಯ ತಳದಲ್ಲಿ ಕಾಣುವ ತಟ್ಟೆಯಗಲದ ಬೆಳಕು. ಐವತ್ತೊಂಬತ್ತನೆಯ ಇಸವಿ ಅದು. ಭದ್ರಾ ಕಾಲುವೆ ಅಗೆಯುತ್ತಿದ್ದಾರೆ, ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಊರ ಕಟ್ಟೆಯ ಮೇಲೆ ಕೂತವರು ದಿನಾ ನೀರು ಬಿಡುತ್ತಿದ್ದರು. ಬಾಯಲ್ಲಿ ಬಿಟ್ಟ ನೀರಿನಿಂದ ಹೊಲ ನೆನೆಯುವುದಿಲ್ಲವಲ್ಲ, ಹದಡಿಯ ಮಣ್ಣು ಹಾಗೇ ಬಿರುಕು ಬಿಟ್ಟುಕೊಂಡು ಬಿದ್ದಿತ್ತು.

ಮಾವ ನಾಗರಾಜಪ್ಪನವರದು ದಾವಣಗೆರೆ ಮಂಡಿಪೇಟೆಯಲ್ಲಿ ಹತ್ತಿ ವ್ಯಾಪಾರ. ಹಿತ್ತಲಲ್ಲಿ ಹತ್ತಿಕಾಳಿಗೆ ಗೋದಾಮು ಕಟ್ಟಿಸಬೇಕೆಂದು ಎರಡು ಗಾಡಿ ಕಲ್ಲು ಇಳಿಸಿ ಆಗಿತ್ತು. ಆ ಜಾಗ ನನಗೆ ಕೊಡಿ, ತರಕಾರಿ ಮಾಡುತ್ತೇನೆ ಎಂದು ವರ್ಷ ತುಂಬದ ಸೊಸೆ ಕೇಳಿದಾಗ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಗಂಡ ಶಿವಮೂರ್ತಪ್ಪ ಒಳ್ಳೆಯವನು. ಅಂದರೆ ಇಂಥ ಹೊತ್ತಿನಲ್ಲಿ ಚಪ್ಪಲಿ ಹುಡುಕುವ ನೆವದಲ್ಲಿ ಹೊರಗೆ ಹೋಗುವವನು. ಹೊಸ ಮನೆಯಲ್ಲಿ ತನ್ನದು ಅನ್ನುವಂಥದ್ದು ಅವಳಿಗೆ ತವರಿನ ಒಂದು ಪೆಟ್ಟಿಗೆ ಬಿಟ್ಟರೆ ಏನೂ ಇರಲಿಲ್ಲ. ಆ ಹತ್ತು ಮಾರು ಮಣ್ಣು ಸಿಕ್ಕರೆ ಇಲ್ಲಿ ಬಾಳಬಲ್ಲೆ ಅಂತ ಅವಳಿಗೆ ಅನ್ನಿಸಿತ್ತು. ಸಿಗದಿದ್ದರೆ ಹೇಗೆ ಎಂದು ಯೋಚಿಸಲು ಹೆದರಿಕೆಯಾಗುತ್ತಿತ್ತು.

ಅದೇ ಹೊತ್ತಿಗೆ ಗ್ರಾಮಸೇವಕ ಬಕ್ಕೇಶಪ್ಪ ಸೈಕಲ್ಲಿನ ಹಿಂದೆ ಮೂರು ಪೊಟ್ಟಣ ಬೀಜ ಕಟ್ಟಿಕೊಂಡು ಬಂದ. ಕಡಿಮೆ ನೀರಿನಲ್ಲಿ ಯಾವ ಟೊಮ್ಯಾಟೊ ತಡೆದುಕೊಳ್ಳುತ್ತದೆ ಎಂದು ಈ ಭಾಗದಲ್ಲಿ ನೋಡಬೇಕಾಗಿತ್ತಂತೆ. ಒಂದು ಜವಾರಿ, ಗೋಲಿಗಿಂತ ತುಸು ದೊಡ್ಡದು, ಹುಳಿ. ಇನ್ನೊಂದರ ಹೆಸರು ಸೂ ಅಂತ, ನಡುಗಾತ್ರದ್ದು. ಮೂರನೆಯದು ಮಾರ್ಗ್ಲೋಬ್, ವಿಲಾಯಿತಿ ತಳಿ, ಮುಷ್ಟಿಗಾತ್ರದ ಹಣ್ಣು ಬಿಡುವಂಥದ್ದು. ಸಾಲಿಗೆ ಎಂಟರಂತೆ ಮೂರು ಸಾಲು. ಬೇರೂರುವವರೆಗೆ ದಿನಾ ನೀರು, ಆಮೇಲೆ ಎಂಟು ದಿನಕ್ಕೊಮ್ಮೆ ಗಿಡಕ್ಕೊಂದೇ ಕೊಡ. ಅವಳ ಹೊರತು ಬೇರೆ ಯಾರ ಕಾಲೂ ಒಳಗೆ ಬೀಳಬಾರದೆಂದು ಅವನೇ ನಿಂತು ಜಾಲಿಮುಳ್ಳಿನ ಬೇಲಿ ಹಾಕಿಸಿದ.

ಮಾವ ಆಗ ಒಂದು ಮಾತು ಹೇಳಿದರು. ಈ ಲೆಕ್ಕದ ನೀರಿನಲ್ಲಿ ಒಂದು ಸಾಲಾದರೂ ಉಳಿದರೆ ಜಾಗ ಅವಳದು. ಆದರೆ ಒಂದು ಚೊಂಬು ನೀರು ಹೆಚ್ಚಿಗೆ ಬಿದ್ದಿದ್ದು ಗೊತ್ತಾದರೂ ಮರುದಿನವೇ ಗೋದಾಮಿಗೆ ಪಾಯ ತೆಗೆಸುವುದು. ವ್ಯಾಪಾರಸ್ಥರ ಮಾತು, ಅಳತೆ ಬಿಟ್ಟು ಆಡುವವರಲ್ಲ.

ಅತ್ತೆ ಮರುಳಸಿದ್ದಮ್ಮನವರು ಈ ಮಾತುಕತೆಯಲ್ಲಿ ಸೇರಲೇ ಇಲ್ಲ. ಅವರಿಗೆ ಆ ಹಣ್ಣಿನ ಹೆಸರೇ ಆಗುತ್ತಿರಲಿಲ್ಲ. ಹಸಿ ಮಾಂಸದ ಬಣ್ಣದ್ದು ತಂದು ನನ್ನ ಒಲೆಯ ಹತ್ತಿರ ಇಡಬೇಡ ಎಂದು ಮೊದಲೇ ಹೇಳಿಬಿಟ್ಟಿದ್ದರು. ಅವರು ಮಾತಾಡುವುದು ಕಡಿಮೆ, ಆಡಿದ್ದರಲ್ಲಿ ಅರ್ಧ ಬೈಗುಳ. ಸೊಸೆ ಬೆಳಗ್ಗೆ ಬೇಲಿಯೊಳಗೆ ನಿಂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದನ್ನು ಪೂಜೆಯ ಕೋಣೆಯ ಕಿಟಕಿಯಿಂದ ನೋಡಿ, ಗಿಡಕ್ಕೂ ಜಾತಕ ಬರೆಯುತ್ತಾಳೆ ಎಂದು ನಾದಿನಿಯ ಹತ್ತಿರ ಅಂದಿದ್ದು ಉಮಾಳ ಕಿವಿಗೂ ಬಿದ್ದಿತ್ತು.

ಎಳ್ಳಮವಾಸ್ಯೆ ಕಳೆದು ನಾಟಿಯಾಯಿತು. ಎಂಟು ದಿನದ ಸರದಿ ಶುರುವಾದ ಮೊದಲ ವಾರದಲ್ಲೇ ಮಾರ್ಗ್ಲೋಬ್ ಸಾಲು ಕೈಬಿಟ್ಟಿತು. ಅಗಲ ಎಲೆಯ ಗಿಡಗಳು ಮಧ್ಯಾಹ್ನವಾಗುತ್ತಲೇ ಒದ್ದೆ ಬಟ್ಟೆ ನೇತುಹಾಕಿದಂತೆ ಇಳಿಬೀಳುತ್ತಿದ್ದವು. ಜವಾರಿ ಎಲೆ ಮುದುಡಿಕೊಂಡು ಸುಮ್ಮನೆ ನಿಂತಿತ್ತು. ಸೂ ಕೂಡ ಹೇಗೋ ತಡೆದುಕೊಂಡಿತ್ತು. ದೊಡ್ಡ ಹಣ್ಣು ಬಿಡುವ ತಳಿಯೇ ಹೋಗುವುದಾದರೆ ಏನು ಬಂತು ಎಂದು ಉಮಾ ಆ ಮೂರನೆಯ ಸಾಲಿನ ಎದುರು ಗಂಟೆಗಟ್ಟಲೆ ನಿಂತಳು. ಒಂದು ದಿನ ಕಣ್ಣೊರೆಸಿಕೊಂಡಿದ್ದೂ ಉಂಟು. ಯಾರೂ ನೋಡಲಿಲ್ಲ ಅಂದುಕೊಂಡಳು.

ಆಮೇಲೆ ನಡೆದದ್ದು ಅವಳಿಗೆ ಅರ್ಥವೇ ಆಗಲಿಲ್ಲ. ನಾಲ್ಕೇ ದಿನದಲ್ಲಿ ಅದೇ ಸಾಲು ಚೇತರಿಸಿಕೊಂಡಿತು. ಎಲೆ ಬಿಡಿಸಿತು, ಚಿಗುರಿತು, ಹೂ ಕಟ್ಟಿತು. ಎಂಟು ಗಿಡದಲ್ಲಿ ಏಳು. ಆ ಕೊನೆಯದು ಮಾತ್ರ ಮುಂಚಿನ ಹಾಗೇ ಮಧ್ಯಾಹ್ನ ಬಾಡುವುದು, ಸಂಜೆ ಏಳುವುದು, ಮತ್ತೆ ಬಾಡುವುದು. ಫೆಬ್ರವರಿಯ ಬಿಸಿಲಿಗೆ ಸೂ ಹೂವೆಲ್ಲ ಉದುರಿಸಿಕೊಂಡಾಗಲೂ ಮಾರ್ಗ್ಲೋಬಿನ ಏಳು ಗಿಡಗಳಲ್ಲಿ ಕಾಯಿ ದಪ್ಪಗಾಗುತ್ತಿದ್ದವು.

ಬಕ್ಕೇಶಪ್ಪ ಬಂದು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ತನಗೆ ಕೊಟ್ಟ ಪುಸ್ತಕದಲ್ಲಿ ಹೀಗಿಲ್ಲ ಎಂದ. ಬೇರೆ ನೀರೇನಾದರೂ ಬೀಳುತ್ತಿದೆಯೇ ಎಂದು ಎರಡು ಸಲ ಕೇಳಿದ. ನನ್ನ ಕೈಯ ಕೊಡ ಬಿಟ್ಟರೆ ಹನಿಯೂ ಇಲ್ಲ ಎಂದು ಅವಳು ಕೊರಳಿನ ಲಿಂಗ ಮುಟ್ಟಿ ಹೇಳಿದಳು. ನಿಜವನ್ನೇ ಹೇಳುತ್ತಿದ್ದೇನೆಂದು ಅವಳು ಪೂರ್ತಿ ನಂಬಿದ್ದಳು. ಹಾಗಾದರೆ ಈ ಮಣ್ಣಿಗೆ ಈ ತಳಿಯೇ ಹೊಂದುತ್ತದೇನೋ, ಅಮವಾಸ್ಯೆಯ ಮರುದಿನ ಬಂದು ಕೊನೆಯದಾಗಿ ಬರೆದುಕೊಳ್ಳುತ್ತೇನೆ, ಊರವರಿಗೂ ಇದರದೇ ಬೀಜ ತರಿಸೋಣ ಎಂದು ಹೇಳಿ ಹೋದ.

ಆ ಮಾತು ಮೊದಲು ಮುಟ್ಟಿದ್ದು ಪಕ್ಕದ ಹೊಲದ ಗಿಡ್ಡಪ್ಪನಿಗೆ. ಅವನಿಗೆ ಅರ್ಧ ಎಕರೆ ಮರಡಿ ನೆಲ. ನೀರು ಬೇಕೆಂದರೆ ಹಳ್ಳದ ಗುಂಡಿಯಿಂದ ಅವನೂ ಹೆಂಡತಿ ಅಂಜಿನವ್ವನೂ ಹೆಗಲ ಮೇಲೆ ಹೊತ್ತು ತರಬೇಕು. ಅವನು ಬೇಲಿಯಾಚೆ ನಿಂತು ಆ ದಪ್ಪ ಕಾಯಿಗಳನ್ನು ಬಹಳ ಹೊತ್ತು ನೋಡಿದ.

"ಅಮ್ಮಾರೆ, ನೀವು ಹೂಂ ಅಂದ್ರೆ ಇಡೀ ಹೊಲಕ್ಕೂ ಇದನ್ನೇ ಹಾಕ್ತೀನ್ರಿ. ಎಂಟು ದಿನಕ್ಕೊಂದು ಕೊಡ ಅಂದ್ರೆ ನಾವಿಬ್ರು ಹೊರ್ತೀವಿ. ಅದಕ್ಕಿಂತ ಹೆಚ್ಚು ಹೊರಾಕೆ ಆಗಾಂಗಿಲ್ಲ."

ಅವಳು ಹೂಂ ಅಂದಳು. ಅಂದ ಮೇಲೆ ಎಂಟನೆಯ ಗಿಡದ ಹತ್ತಿರ ಹೋಗಿ ಅದರ ಎಲೆಯನ್ನು ಮತ್ತೆ ತಿರುವಿ ನೋಡಿದಳು.

ಅಷ್ಟರಲ್ಲಿ ಇನ್ನೊಂದು ಗೋಜಲು. ಶಿವಮೂರ್ತಪ್ಪ ಹತ್ತಿ ವ್ಯಾಪಾರಕ್ಕೆಂದು ನಾಲ್ಕು ದಿನ ಹುಬ್ಬಳ್ಳಿಗೆ ಹೋದ. ಆ ನಾಲ್ಕು ದಿನದಲ್ಲಿ ಏಳನೆಯ ಗಿಡವೂ ಜೋತುಬಿತ್ತು. ಅವನು ಬಂದ ಎರಡನೆಯ ದಿನಕ್ಕೆ ಎದ್ದು ಕೂತಿತು. ಗಂಡನಿಗೂ ಗಿಡಕ್ಕೂ ಏನು ಸಂಬಂಧ? ಈ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯುವಂತಿರಲಿಲ್ಲ, ಗಂಡನನ್ನು ಕೇಳುವಂತೆಯೂ ಇರಲಿಲ್ಲ. ಹೆಂಡತಿ ತನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿರುವುದನ್ನು ಕಂಡು ಶಿವಮೂರ್ತಪ್ಪ ಹುಬ್ಬಳ್ಳಿಯಿಂದ ಸೀರೆ ತರದೇ ಬಂದದ್ದಕ್ಕೆ ಸಿಟ್ಟಿರಬೇಕು ಎಂದುಕೊಂಡು ಎರಡು ದಿನ ಮೆತ್ತಗಿದ್ದ.

ಗಿಡಗಳಿಗೆ ನೀರಿನ ಸರದಿ ಮುಗಿದ ದಿನವೇ ಮರುಳಸಿದ್ದಮ್ಮನವರು ಉಕ್ಕಡಗಾತ್ರಿಗೆ ಹೊರಟರು. ಅಲ್ಲಿನ ಗದ್ದುಗೆಯ ಕರಿಬಸಜ್ಜನಿಗೆ ಹರಕೆಯಿತ್ತು, ಅಮವಾಸ್ಯೆಯವರೆಗೆ ಏಳು ದಿನ ಅಲ್ಲೇ ಇದ್ದು ಸೇವೆ ಮಾಡಿ ಬರುವುದು. ಅವರು ಗಾಡಿ ಹತ್ತಿದ ಮಾರನೆಯ ಬೆಳಗ್ಗೆ ಮಾವ ಪೂಜೆ ಮುಗಿಸಿ, ಲಿಂಗಕ್ಕೆ ಮಜ್ಜನ ಮಾಡಿಸಿದ ನೀರಿನ ಚೊಂಬು ಹಿಡಿದುಕೊಂಡು ಪಡಸಾಲೆಯಲ್ಲಿ ನಿಂತರು. ಇದನ್ನು ನಿಮ್ಮತ್ತೆ ಎಲ್ಲಿ ಹಾಕುತ್ತಾಳೆ ಎಂದು ಕೇಳಿದರು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಪೂಜೆಯಾದ ಮೇಲೆ ಚೊಂಬನ್ನು ಅವರ ಕೈಗೆ ಕೊಡುವವರೇ, ಉಮಾ ಕೂಡ. ಪೂಜೆಯ ನೀರನ್ನು ಯಾರೂ ತುಳಿಯಬಾರದು, ಅದನ್ನು ಅವರು ನೋಡಿಕೊಳ್ಳುತ್ತಾರೆ, ಅಷ್ಟೆ. ಉಮಾ ಎಲ್ಲರ ಚೊಂಬನ್ನೂ ತೆಗೆದುಕೊಂಡು ಹೋಗಿ ಬಾವಿಯ ಹತ್ತಿರದ ಬಿಲ್ವಪತ್ರಿ ಮರದ ಬುಡಕ್ಕೆ ಸುರಿದಳು. ದನ ನೀರು ಕುಡಿಯುವ ಬಾನಿಯನ್ನು ಈಗ ಅಲ್ಲೇ ಇಟ್ಟಿದ್ದರಿಂದ ಬುಡವೆಲ್ಲ ಗೊರಸಿನ ರಾಡಿ. ಬೇರೆ ಜಾಗ ಅವಳಿಗೆ ತೋಚಲಿಲ್ಲ.

ನಾಲ್ಕನೆಯ ದಿನ ಮಾರ್ಗ್ಲೋಬಿನ ಏಳು ಗಿಡಗಳೂ ಒಟ್ಟಿಗೆ ಬಿದ್ದವು. ಬಾಡಿದ್ದಲ್ಲ, ಬಿದ್ದೇ ಹೋದವು. ಸಂಜೆಯಾದರೂ ಏಳಲಿಲ್ಲ. ಐದನೆಯ ದಿನ ಎಲೆಯ ಅಂಚು ಸುಟ್ಟಿತು, ಕಾಯಿಗಳು ಸುಕ್ಕಾದವು. ಎಂಟನೆಯದು ಮಾತ್ರ ತನ್ನ ಹಳೆಯ ಚಾಳಿ ಬಿಡದೆ ಮಧ್ಯಾಹ್ನ ಬಾಡಿ ಸಂಜೆ ಎದ್ದಿತು.

ದನ ಮೇಯಿಸುವ ರಂಗವ್ವ ಬಂದು ನೋಡಿ ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಎಂದಳು. ನಾದಿನಿ ಯಾರೋ ಉಪ್ಪುನೀರು ಹುಯ್ದಿದ್ದಾರೆ ಎಂದಳು. ಮಾವ ಕಲ್ಲಿನ ರಾಶಿಯ ಸುತ್ತ ಒಂದು ಸುತ್ತು ಬಂದರು. ಆರನೆಯ ದಿನ ಮಧ್ಯಾಹ್ನ ಮನೆಯವರೆಲ್ಲ ಮಲಗಿದ್ದಾಗ ಉಮಾ ಒಂದು ಕೊಡ ನೀರು ಸೇದಿ ಸೊಂಟದ ಮೇಲೆ ಇಟ್ಟುಕೊಂಡಳು. ಒಂದೇ ಕೊಡ ಹಂಚಿದರೆ ಬಕ್ಕೇಶಪ್ಪ ಬರುವಷ್ಟರಲ್ಲಿ ತಲೆ ಎತ್ತುತ್ತವೆ, ಯಾರಿಗೆ ತಿಳಿಯುತ್ತದೆ ಅನ್ನಿಸಿತು. ಬೇಲಿಯ ಕಂಡಿಯವರೆಗೆ ಹೋಗಿ ನಿಂತಳು. ಹರಿದ ಟವೆಲ್ಲನ್ನು ಹೆಗಲಿಗೆ ಸುತ್ತಿಕೊಂಡು ನೀರು ಹೊರುವ ಗಿಡ್ಡಪ್ಪ ಕಣ್ಣ ಮುಂದೆ ಬಂದ. ಕೊಡ ಕೆಳಗಿಟ್ಟಳು.

ಆಮೇಲೆ ಸಿಟ್ಟಿನಲ್ಲೋ ದುಃಖದಲ್ಲೋ, ಬಿದ್ದಿದ್ದ ಮೊದಲನೆಯ ಗಿಡವನ್ನು ಹಿಡಿದು ಎಳೆದಳು. ಅದು ಜಗ್ಗುವುದಕ್ಕೆ ಮೊದಲೇ ಕೈಗೆ ಬಂತು. ಬೇರುಗಳೆಲ್ಲ ಮೇಲುಮಣ್ಣಿನಲ್ಲೇ, ಬಲೆಯ ಹಾಗೆ ಸುತ್ತ ಹರಡಿಕೊಂಡಿದ್ದವು. ಕೆಳಗೆ ಇಳಿದೇ ಇರಲಿಲ್ಲ. ಜವಾರಿಯೊಂದರ ಬುಡದ ಪಕ್ಕದಲ್ಲಿ ಮೊಣಕೈ ಉದ್ದ ಅಗೆದರೂ ಬೇರು ಮುಗಿಯಲಿಲ್ಲ. ಎಂಟನೆಯದರ ಬುಡವನ್ನೂ ಬಗೆದು ನೋಡಿದಳು, ಅದೂ ಆಳಕ್ಕೆ ಇಳಿದಿತ್ತು.

ಹೊಳೆದಂಡೆಯ ಮಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೇರು ನೀರಿರುವ ಕಡೆ ಹೋಗುತ್ತದೆ. ದಿನಾ ಮೇಲೆ ಮೇಲೆ ಚೂರು ಚೂರು ಹಾಕಿದರೆ ಮೇಲೇ ಕೂತಿರುತ್ತದೆ, ಅದು ನಿಂತ ದಿನ ಸಾಯುತ್ತದೆ. ಅಂದರೆ ಈ ಏಳಕ್ಕೆ ಯಾರೋ ದಿನಾ ನೀರು ಹಾಕುತ್ತಿದ್ದರು, ನಾಲ್ಕೈದು ದಿನದಿಂದ ಬಿಟ್ಟಿದ್ದಾರೆ. ಏಳಕ್ಕೇ ಯಾಕೆ? ಗಂಡ ಹುಬ್ಬಳ್ಳಿಯಲ್ಲಿದ್ದಾಗ ಆರಕ್ಕೇ ಯಾಕೆ?

ಅವಳು ಮಣ್ಣಿನಲ್ಲಿ ಕೂತು ಬೆರಳು ಮಡಿಚಿದಳು. ಮಾವ, ಅತ್ತೆ, ಗಂಡ, ಮೈದುನ, ನಾದಿನಿ, ಮಾವನ ಅಕ್ಕ ನೀಲಕ್ಕ, ತಾನು. ಮನೆಯಲ್ಲಿ ಏಳು ಜನ. ಏಳು ಲಿಂಗ, ಏಳು ಚೊಂಬು. ಗಂಡ ಇಲ್ಲದ ದಿನ ಆರು, ಅತ್ತೆ ಊರಲ್ಲಿಲ್ಲದ ಈ ದಿನಗಳಲ್ಲಿ ಒಂದೂ ಇಲ್ಲ. ಅತ್ತೆಯ ಮೇಲೆ ಕೆಂಡದಂಥ ಸಿಟ್ಟು ಬಂತು. ತನ್ನ ಕೈಯ ಚೊಂಬೂ ದಿನಾ ಇಲ್ಲಿಗೇ ಬಂದಿದೆ ಎಂದು ಹೊಳೆದು ಆ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಅಮವಾಸ್ಯೆಯ ಮರುದಿನ ಬೆಳಗ್ಗೆ ಬಕ್ಕೇಶಪ್ಪನ ಸೈಕಲ್ಲೂ ಉಕ್ಕಡಗಾತ್ರಿಯ ಗಾಡಿಯೂ ಹೆಚ್ಚುಕಡಿಮೆ ಒಟ್ಟಿಗೆ ಬಂದವು. ಗಿಡ್ಡಪ್ಪ ಆಗಲೇ ಬೇಲಿಯ ಹತ್ತಿರ ನಿಂತಿದ್ದ, ಮುಖ ಬಿಳಿಚಿಕೊಂಡಿತ್ತು. ಮಾವನೂ ಬಂದರು. ಮರುಳಸಿದ್ದಮ್ಮನವರು ಭಸ್ಮದ ಪೊಟ್ಟಣ ಕೈಯಲ್ಲಿರುವಂತೆಯೇ ಹಿತ್ತಲಿಗೆ ಬಂದು ಮಲಗಿದ ಗಿಡಗಳನ್ನು ಕಂಡು ನಿಂತುಬಿಟ್ಟರು. ಇದು ಮೊನ್ನೆ ತಾನು ನೋಡಿದ ಸಾಲೇ ಹೌದೇ ಎಂದು ಬಕ್ಕೇಶಪ್ಪ ಕೇಳಿದ.

ನಿಜ ಹೇಳಿದರೆ ಜಾಗ ಹೋಯಿತು ಎಂದು ಉಮಾಳಿಗೆ ಗೊತ್ತಿತ್ತು. ಹೇಳದೆ ಇದ್ದರೆ ಉಳಿಯಬಹುದು ಎಂದೂ ಗೊತ್ತಿತ್ತು. ರೋಗ ಬಂತು ಅಂದರೆ ಅವನು ನಂಬುತ್ತಿದ್ದ, ಜವಾರಿ ಸಾಲು ಹೇಗೂ ನಿಂತಿತ್ತು. ಆದರೆ ಹಾಗಂದರೆ ರೋಗ ಬರುವ ಮುಂಚೆ ಮಾರ್ಗ್ಲೋಬ್ ಚೆನ್ನಾಗಿತ್ತು ಎಂದು ಗಿಡ್ಡಪ್ಪ ಅದನ್ನೇ ಹಾಕುತ್ತಿದ್ದ.

"ಈ ಏಳು ಗಿಡ ಬರ್ಕೋಬ್ಯಾಡ್ರಿ," ಅಂದಳು. "ಇವಕ್ಕೆ ದಿನಾ ನೀರು ಬಿದ್ದೈತೆ. ನಾನು ನಿಮಗೆ ಹೇಳಿದ್ದು ಸುಳ್ಳಾತು."

ಯಾರು ಹಾಕಿದ್ದು ಎಂದು ಮಾವ ಕೇಳಿದರು. ಅವಳು ಅತ್ತೆಯ ಕಡೆ ನೋಡದೆ, ನಾನೂ ಹಾಕಿದ್ದೇನೆ ಎಂದಳು. ಅದು ಸುಳ್ಳೇನೂ ಆಗಿರಲಿಲ್ಲ.

"ಅವಳೇನು ಹಾಕ್ತಾಳೆ," ಅಂದರು ಮರುಳಸಿದ್ದಮ್ಮ. "ನಾ ಹಾಕಿದ್ದು. ಪೂಜೆ ನೀರು. ಪತ್ರಿ ಮರದ ಬುಡಕ್ಕೆ ನೀವು ದನದ ಬಾನಿ ತಂದಿಟ್ರಿ. ಒಬ್ಬರೂ ಕಾಲಿಡಬಾರದು ಅಂತ ಈ ಸಾಹೇಬರು ಇಲ್ಲಿ ಬೇಲಿ ಹಾಕ್ಸಿದ್ರು. ಇಂಥ ಜಾಗ ಬಿಟ್ಟು ಇನ್ನೆಲ್ಲಿ ಹಾಕ್ಲಿ?"

ಬಕ್ಕೇಶಪ್ಪ ತಾನೇ ಹಾಕಿಸಿದ ಬೇಲಿಯನ್ನು ಒಂದು ಸಲ ನೋಡಿಕೊಂಡ. ಎಲ್ಲರ ನೀರನ್ನೂ ತೆಗೆದಿಟ್ಟು ಮರುದಿನ ನಸುಕಿನಲ್ಲಿ ಬಂದು ಗಿಡಕ್ಕೊಂದು ಚೊಂಬಿನಂತೆ ಬುಡಕ್ಕೆ ಹಾಕಿ, ಮೇಲೆ ಒಣಮಣ್ಣು ಎಳೆಯುತ್ತಿದ್ದೆ, ದೇವರ ನೀರು ಬಯಲಿಗೆ ಕಾಣಬಾರದಲ್ಲ ಎಂದು ಮರುಳಸಿದ್ದಮ್ಮ ತಪ್ಪೇನೂ ಇಲ್ಲದ ದನಿಯಲ್ಲಿ ವಿವರಿಸಿದರು.

ಉಮಾ ಎಂಟನೆಯ ಗಿಡ ತೋರಿಸಿದಳು. ಇಡೀ ಸಾಲಿನಲ್ಲಿ ಲೆಕ್ಕದ ನೀರನ್ನೇ ಕುಡಿದದ್ದು ಅದೊಂದೇ. ಮೂರು ಕಾಯಿ ಬಿಟ್ಟಿತ್ತು, ಎರಡರ ತಳ ಕಪ್ಪಾಗಿತ್ತು. ಮಾರ್ಗ್ಲೋಬಿನ ನಿಜವಾದ ಹಣೆಬರಹ ಇದು, ಸಾಯುವುದಿಲ್ಲ, ಬಾಳುವುದೂ ಇಲ್ಲ ಎಂದು ಬಕ್ಕೇಶಪ್ಪ ಬರೆದುಕೊಂಡ. ಸೂ ಗಿಡ ಉಳಿದರೂ ಹೂ ನಿಲ್ಲಲಿಲ್ಲ. ಜವಾರಿಯ ಎಂಟಕ್ಕೆ ಎಂಟೂ ಗೊಂಚಲು ಗೊಂಚಲಾಗಿ ಸಣ್ಣ ಹಣ್ಣು ಹೊತ್ತು ನಿಂತಿದ್ದವು. ಇಷ್ಟು ದಿನ ಅವುಗಳ ಕಡೆ ಯಾರೂ ಸರಿಯಾಗಿ ನೋಡಿಯೇ ಇರಲಿಲ್ಲ. ಗಿಡ್ಡಪ್ಪ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು, ಹುಳಿಗೆ ಕಣ್ಣು ಮುಚ್ಚಿ, ಬೀಜವನ್ನು ಅಂಗೈಗೆ ಉಗುಳಿ ಟವೆಲ್ಲಿನ ತುದಿಗೆ ಕಟ್ಟಿಕೊಂಡ.

ಎಲ್ಲರೂ ನಾಗರಾಜಪ್ಪನವರ ಕಡೆ ನೋಡಿದರು. ಒಂದು ಚೊಂಬು ಹೆಚ್ಚಿಗೆ ಬಿದ್ದರೂ ಎಂದು ಹೇಳಿದ್ದ ಮಾತು ಯಾರಿಗೂ ಮರೆತಿರಲಿಲ್ಲ. ಅವರು ಕಲ್ಲಿನ ರಾಶಿ ನೋಡಿದರು, ಹೆಂಡತಿಯ ಮುಖ ನೋಡಿದರು.

"ನನ್ನ ಚೊಂಬೂ ಅದರಾಗ ಬಂದೈತಲ್ಲ," ಅಂದರು ಕೊನೆಗೆ. "ಗೋದಾಮು ಬೀದಿ ಕಡೆ ಕಟ್ಟಿಸಿದ್ರಾತು ಬಿಡು."

ಅಷ್ಟು ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು. ಜಾಗ ತನ್ನದಾಯಿತೆಂದು ನಂಬಲು ಉಮಾಳಿಗೆ ಸಂಜೆಯವರೆಗೆ ಬೇಕಾಯಿತು.

ಸಂಜೆ ಅವಳು ಸತ್ತ ಗಿಡಗಳನ್ನು ಕೀಳುತ್ತಿದ್ದಾಗ ಅತ್ತೆ ಬೇಲಿಯ ಹೊರಗೆ ಬಂದು ನಿಂತರು. ದನದ ಬಾನಿ ಆಚೆ ಸರಿಸಲು ಹೇಳಿದ್ದೇನೆ, ನಾಳೆಯಿಂದ ಪತ್ರಿ ಮರಕ್ಕೇ ಹಾಕುತ್ತೇನೆ ಎಂದರು. ಉಮಾಳ ತಲೆಯಲ್ಲಿ ಒಂದು ಸಂಶಯ ಉಳಿದಿತ್ತು. ಬೇಲಿಯ ಕಂಡಿ ಇರುವುದು ಜವಾರಿ ಸಾಲಿನ ಪಕ್ಕದಲ್ಲಿ. ನೀರಿಗೆ ಜಾಗ ಬೇಕಿದ್ದರೆ ಅಲ್ಲೇ ಹಾಕಿ ಹೋಗಬಹುದಿತ್ತು. ನಸುಕಿನ ಕತ್ತಲಲ್ಲಿ, ಮಂಡಿನೋವಿನ ಹೆಂಗಸು, ಏಳು ಚೊಂಬು ನೀರನ್ನು ಎರಡು ಸಾಲು ದಾಟಿಸಿಕೊಂಡು ಕೊನೆಯ ಸಾಲಿಗೇ ಯಾಕೆ ತರಬೇಕಿತ್ತು ಎಂದು ಕೇಳಿಯೇಬಿಟ್ಟಳು.

"ಅವೆರಡು ಸಾಲು ನೆಟ್ಟಗಿದ್ವು," ಅಂದರು ಅತ್ತೆ. "ಇದು ಬಾಡಿತ್ತು. ಇದರ ಮುಂದೆ ನೀನೂ ಬಾಡಿಕೊಂಡು ನಿಂತಿರ್ತಿದ್ದಿ. ದಿನಾ ಕಿಟಕ್ಯಾಗಿಂದ ನೋಡ್ತಿದ್ದೆ. ಬಾಡಿದ್ದಕ್ಕೆ ಹಾಕದೆ ನೆಟ್ಟಗಿದ್ದಿದ್ದಕ್ಕೆ ಯಾರಾದ್ರೂ ನೀರು ಹಾಕ್ತಾರೇನು?"

ಅತ್ತೆಯ ಕನಿಕರದಿಂದಲೇ ಆ ಏಳು ಗಿಡ ಸತ್ತವು ಎಂದು ಹೇಳಬೇಕೋ, ಈ ಮನೆಗೆ ಬಂದ ಮೇಲೆ ಯಾರಾದರೂ ತನ್ನನ್ನು ನೋಡಿದ್ದು ಇದೇ ಮೊದಲು ಎಂದು ಹೇಳಬೇಕೋ. ನಗುವೂ ಬಂತು, ಅಳುವೂ ಬಂತು, ಎರಡನ್ನೂ ನುಂಗಿಕೊಂಡು ಉಮಾ ಮಣ್ಣು ಕೆದಕುತ್ತ ಕೂತಳು.

"ಎಂಟನೇದಕ್ಕೆ ಬಾಕಿ ಉಳೀತು," ಎಂದು ಅತ್ತೆ ಹೊರಡುತ್ತ ಹೇಳಿದರು. "ಅದೂ ಬಾಡಿತ್ತು ಪಾಪ. ಮನೆಯಾಗ ಇರೋದೇ ಏಳು ಲಿಂಗ, ನಾ ಎಲ್ಲಿಂದ ತರ್ಲಿ. ಉಕ್ಕಡಗಾತ್ರ್ಯಾಗ ಎಂಟನೇ ಲಿಂಗ ಕಟ್ಟಾಕ ಒಂದು ಕೂಸು ಕೊಡು ಅಂತ ಬೇಡಿಕೊಂಡು ಬಂದೀನಿ."

ಅವರು ಒಳಗೆ ಹೋಗಿ ದೀಪ ಹಚ್ಚಿದ ಮೇಲೂ ಉಮಾ ಅಲ್ಲೇ ಇದ್ದಳು. ಬಿಸಿಲು ಇಳಿದಿತ್ತು. ಎಂಟನೆಯ ಗಿಡ ನಿಧಾನವಾಗಿ ತಲೆ ಎತ್ತುತ್ತಿತ್ತು. ಮರುದಿನ ನೀರಿನ ಸರದಿ, ಗಿಡಕ್ಕೊಂದು ಕೊಡ.